ಅಪ್ಪನಿಗೆ ಕಾಮಣಿ, ಪಿತ್ತನಾಳದಲ್ಲಿ ಅಡ್ಡಿ ಅಂತಾರೆ: ಮೊದಲು ಸ್ಟೆಂಟೋ, ಎಂಆರ್‌ಸಿಪಿಯೋ?

ಶಹಾಪುರದ ಹುಡುಗ

ಎಲ್ಲರಿಗೂ ನಮಸ್ಕಾರ ರೀ. ಅಪ್ಪನಿಗೆ 61 ವರ್ಷ. ಶಹಾಪುರ ಹತ್ತಿರದ ಹಳ್ಳಿ, ಹತ್ತಿ, ತೊಗರಿ ಬೆಳೀತೇವೆ. ಮೊದಲು ಮೈತುಂಬ ತುರಿಕೆ ಶುರುವಾಯಿತು. ಅಲರ್ಜಿ ಅಂತ ಮಾತ್ರೆ, ಮುಲಾಮು ಕೊಟ್ಟರು. ಆಮೇಲೆ ಕಣ್ಣು ಹಳದಿ ಆಯಿತು. ಮೂತ್ರ ಕಡು ಬಣ್ಣ, ಮಲ ಮಾತ್ರ ಬೆಳ್ಳಗೆ. ನೋವಿಲ್ಲ, ಜ್ವರ ಇಲ್ಲ. ಆದರೆ ಎರಡು ರೊಟ್ಟಿ ತಿನ್ನುವವರು ಅರ್ಧಕ್ಕೇ ಏಳುತ್ತಾರೆ, ಅಂಗಿ ಎಲ್ಲ ಸಡಿಲ.

ರಕ್ತದಲ್ಲಿ ಕಾಮಣಿ ಅಳತೆ, ಬಿಲಿರುಬಿನ್, 13.8 ಬಂದಿದೆ. ಯಾದಗಿರಿಯಲ್ಲಿ ಸ್ಕ್ಯಾನಿಂಗ್ ಮಾಡಿಸಿದೆವು. ರಿಪೋರ್ಟಿನಲ್ಲಿ ಇರುವುದು ಇಷ್ಟು: ಲಿವರ್‌ನ ಎರಡೂ ಕಡೆ ಐಎಚ್‌ಬಿಆರ್ ಡೈಲೇಟೆಡ್, ಸಿಬಿಡಿ 4 ಮಿ.ಮೀ., ಗಾಲ್‌ಬ್ಲಾಡರ್ ಕೊಲ್ಯಾಪ್ಸ್ಡ್, ಕಲ್ಲು ಕಾಣಲಿಲ್ಲ, ಹೈಲಂ ಹತ್ತಿರ ಅಡ್ಡಿ ಇರುವ ಶಂಕೆ, ಎಂಆರ್‌ಸಿಪಿ (ಪಿತ್ತನಾಳ ತೋರಿಸುವ ಎಂಆರ್‌ಐ) ಮಾಡಿಸಿ.

ಈಗ ಸಮಸ್ಯೆ ಏನೆಂದರೆ, ಕಲಬುರಗಿ ಡಾಕ್ಟರು ಮೊದಲು ಎಂಆರ್‌ಐ, ಸಿಟಿ ಅಂತಾರೆ. ಹೈದರಾಬಾದಿನಲ್ಲಿರುವ ನಮ್ಮ ಮಾಮಾ ಒಂದು ಆಸ್ಪತ್ರೆಗೆ ಫೋನ್ ಮಾಡಿದ್ದರು. ಅಲ್ಲಿಯವರು "ಸೀದಾ ಬನ್ನಿ, ಅವತ್ತೇ ಸ್ಟೆಂಟ್ (ನಾಳ ತೆರೆದಿಡುವ ಸಣ್ಣ ಕೊಳವೆ) ಹಾಕುತ್ತೇವೆ, ಕಾಮಣಿ ಇಳಿಯಲಿ, ಸ್ಕ್ಯಾನು ಆಮೇಲೆ" ಅಂದರಂತೆ. ಅಪ್ಪ ತುರಿಕೆಗೆ ರಾತ್ರಿ ಮಲಗುತ್ತಿಲ್ಲ. ಅವ್ವ ಅಂತೂ ನಾಳೆಯೇ ಹೋಗೋಣ ಅಂತಾಳೆ. ಏನು ಮಾಡಲಿ?

ಭೀಮಾತೀರ

ತಮ್ಮಾ, ನಮ್ಮ ಕಡೆ ಕಾಮಣಿಗೆ ಸೊಪ್ಪಿನ ರಸ ಕೊಡುವವರು ಇದ್ದಾರೆ. ಬರಿಹೊಟ್ಟೇಲಿ ಮೂರು ದಿನ. ನನ್ನ ಮಗನಿಗೆ, ತಂಗಿ ಮಗನಿಗೆ ಇಬ್ಬರಿಗೂ ಅಲ್ಲೇ ಕಡಿಮೆ ಆಯಿತು. ಸುಮ್ನೆ ಮಷೀನಿಗೆ ದುಡ್ಡು ಸುರಿಯುವ ಮೊದಲು ಒಮ್ಮೆ ತೋರಿಸು. ಬೇಕಾದರೆ ನಂಬರ್ ಕೊಡುತ್ತೇನೆ.

ಹಳೇ ಕಾಂಪೌಂಡರ್

ಭೀಮಾತೀರ ಕಾಕಾ, ಬೇಡ ರೀ. ಹುಡುಗರಿಗೆ ಬರುವ ಕಾಮಣಿ ಬಹಳ ಸಲ ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ. ಅದು ಹೆಚ್ಚಿನವರಿಗೆ ತಾನಾಗಿ ಇಳಿಯುತ್ತದೆ, ಹೆಸರು ಸೊಪ್ಪಿಗೆ ಹೋಗುತ್ತದೆ. ಇಲ್ಲಿ ಮಲ ಬೆಳ್ಳಗಿದೆ, ತುರಿಕೆ ಇದೆ, ಸ್ಕ್ಯಾನಿನಲ್ಲಿ ನಾಳ ಉಬ್ಬಿದೆ. ಪಿತ್ತ ಕರುಳಿಗೆ ಇಳಿಯುತ್ತಲೇ ಇಲ್ಲ. ಅಡ್ಡಿ ತೆಗೆಯದೆ ಯಾವ ರಸ ಕುಡಿದರೂ ಇದು ಹೋಗುವುದಿಲ್ಲ. ನನ್ನ ಸರ್ವಿಸಿನಲ್ಲಿ ಕೈ ಸುಟ್ಟುಕೊಂಡು, ಕೊರಳಿಗೆ ಕಾಮಣಿ ಮಾಲೆ ಹಾಕಿಕೊಂಡು, ಬಿಲಿರುಬಿನ್ 25 ದಾಟಿದ ಮೇಲೆ ಬಂದವರನ್ನು ಎಷ್ಟೋ ಮಂದಿ ನೋಡಿದ್ದೇನೆ.

ಕತ್ತಲೆ ಕೋಣೆ

ನಾನು ರೇಡಿಯಾಲಜಿಸ್ಟ್, ಕೆಲಸ ಕಲಬುರಗಿಯಲ್ಲಿ. ಅಪ್ಪನ ಚಿತ್ರ ನಾನು ನೋಡಿಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ಯಾದಗಿರಿಯವರು ಕೊಟ್ಟ ರಿಪೋರ್ಟ್ ಚೆನ್ನಾಗಿದೆ. ಐಎಚ್‌ಬಿಆರ್ ಅಂದರೆ ಲಿವರ್ ಒಳಗಿನ ಸಣ್ಣ ಪಿತ್ತನಾಳಗಳು. ಬಲಗಡೆಯವೆಲ್ಲ ಸೇರಿ ಒಂದು, ಎಡಗಡೆಯವೆಲ್ಲ ಸೇರಿ ಒಂದು ಆಗಿ, ಲಿವರ್ ಬಾಗಿಲಲ್ಲಿ ಎರಡೂ ಕೂಡುತ್ತವೆ. ಆ ಜಾಗ ಹೈಲಂ. ಅಲ್ಲಿಂದ ಕೆಳಗೆ ಪಿತ್ತಕೋಶದ ನಾಳ ಬಂದು ಸೇರಿದ ಮೇಲೆ ಸಿಬಿಡಿ, ಅದು ಕರುಳಿಗೆ ಹೋಗುತ್ತದೆ. ನಿಮ್ಮ ಕಡೆ ನಾರಾಯಣಪುರ ಎಡದಂಡೆ ಕಾಲುವೆ ಇದೆಯಲ್ಲ, ಅದಕ್ಕೆ ಅಡ್ಡ ಮಣ್ಣು ಕುಸಿದರೆ ಮೇಲಿನ ಕಡೆ ನೀರು ತುಂಬುತ್ತದೆ, ಕೆಳಗಿನ ಹೊಲ ಒಣಗುತ್ತದೆ. ಅಪ್ಪನಿಗೆ ಮೇಲಿನ ನಾಳ ಎರಡೂ ಕಡೆ ಉಬ್ಬಿವೆ, ಕೆಳಗಿನ ಸಿಬಿಡಿ 4 ಮಿ.ಮೀ. ಮಾತ್ರ. ಸಾಮಾನ್ಯವಾಗಿ 6-7 ಮಿ.ಮೀ. ವರೆಗೆ ಸರಿ ಅಂತ ಹಿಡಿಯುತ್ತೇವೆ. ಪಿತ್ತಕೋಶವೂ ಖಾಲಿ. ಹಾಗಾಗಿ ಅಡ್ಡಿ ಹೈಲಂನಲ್ಲೇ ಇದೆ ಅಂತ ಅಲ್ಟ್ರಾಸೌಂಡಿನಿಂದಲೇ ಹೇಳಬಹುದು. ಅಡ್ಡಿ ಕೆಳಗಡೆ, ಪ್ಯಾಂಕ್ರಿಯಾಸ್ ಹತ್ತಿರ ಇದ್ದಿದ್ದರೆ ಸಿಬಿಡಿಯೂ ಉಬ್ಬುತ್ತಿತ್ತು, ಪಿತ್ತಕೋಶವೂ ತುಂಬಿ ಕೈಗೆ ಸಿಗುತ್ತಿತ್ತು.

ಅಡ್ಡಿ ಎಲ್ಲಿ ಅನ್ನುವುದು ಗೊತ್ತಾಯಿತು. ಅದು ಏನು, ಗಡ್ಡೆಯಾ ಬೇರೆ ಏನಾದರೂನಾ, ಎಷ್ಟು ದೂರ ಹಬ್ಬಿದೆ, ತೆಗೆಯಲು ಬರುತ್ತದಾ, ಇವು ಗೊತ್ತಾಗಿಲ್ಲ. ಅದಕ್ಕೇ ಎಂಆರ್‌ಐ ಮತ್ತು ಸಿಟಿ. ಇವೆರಡೂ ಸ್ಟೆಂಟಿಗಿಂತ ಮೊದಲೇ ಆಗಬೇಕು. ನಾನು ಇದನ್ನು ಹಟ ಹಿಡಿದು ಹೇಳುತ್ತೇನೆ.

ಕಾರಣ ಹೇಳುತ್ತೇನೆ. ಎಂಆರ್‌ಸಿಪಿಯಲ್ಲಿ ನಿಂತ ದ್ರವ ಬೆಳ್ಳಗೆ ಹೊಳೆಯುತ್ತದೆ, ಉಳಿದದ್ದೆಲ್ಲ ಕಪ್ಪು. ಉಬ್ಬಿದ ನಾಳದಲ್ಲಿ ಪಿತ್ತ ತುಂಬಿ ನಿಂತಿರುವಾಗ ಚಿತ್ರ ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ, ಎಲ್ಲಿ ತುಂಡಾಗಿದೆ, ಎಷ್ಟು ಕವಲಿಗೆ ತಾಗಿದೆ ಅಂತ ಬೆರಳಿಟ್ಟು ತೋರಿಸಬಹುದು. ಸ್ಟೆಂಟ್ ಹಾಕಿದ ಕೂಡಲೇ ಪಿತ್ತ ಇಳಿದು ನಾಳ ಕುಗ್ಗುತ್ತದೆ. ಒಳಗೆ ಗಾಳಿ ಸೇರುತ್ತದೆ. ಸ್ಟೆಂಟ್ ಉಜ್ಜಿ ನಾಳದ ಗೋಡೆ ಊದಿಕೊಳ್ಳುತ್ತದೆ, ಆಮೇಲೆ ಸಿಟಿಯಲ್ಲಿ ಆ ಊತವೂ ಗಡ್ಡೆಯೂ ಒಂದೇ ತರಹ ಕಾಣುತ್ತವೆ. ಗಡ್ಡೆ ಎಲ್ಲಿಗೆ ಮುಗಿಯಿತು ಅಂತ ಸರ್ಜನ್ ಕೇಳಿದರೆ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಈ ಗಡ್ಡೆಯಲ್ಲಿ ಆಪರೇಷನ್ ಆಗುತ್ತದಾ ಇಲ್ಲವಾ ಅನ್ನುವುದು ಒಂದು ಸೆಂಟಿಮೀಟರ್ ಆಚೀಚೆಯಲ್ಲೇ ನಿಂತಿರುತ್ತದೆ.

ಜ್ವರ ಇಲ್ಲ ಅಂದಿದ್ದೀರಿ. ಚಳಿ ನಡುಕ ಬಂದು ಜ್ವರ ಏರಿದರೆ ಲೆಕ್ಕ ಬೇರೆ. ಅದು ನಾಳದ ಸೋಂಕು. ಆಗ ಪಿತ್ತ ಹೊರಗೆ ಬಿಡುವುದೇ ಮೊದಲು, ಚಿತ್ರ ಆಮೇಲೆ. ರಾತ್ರಿ ಹನ್ನೆರಡಾದರೂ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ.

ಶಹಾಪುರದ ಹುಡುಗ

ಸರ್, ಬಹಳ ಉಪಕಾರ ಆಯಿತು. ಎಂಆರ್‌ಸಿಪಿ ಒಂದೇ ಸಾಕಾ? ಎರಡೂ ಯಾಕೆ? ಒಂದರ ಮೇಲೊಂದು ದುಡ್ಡು ಕಟ್ಟುವುದು ನಮಗೆ ಕಷ್ಟವೇ.

ಕತ್ತಲೆ ಕೋಣೆ

ನ್ಯಾಯವಾದ ಪ್ರಶ್ನೆ. ಬರೀ ಎಂಆರ್‌ಸಿಪಿ ನಾಳದ ಒಳಗಿನ ದಾರಿ ಮಾತ್ರ ತೋರಿಸುತ್ತದೆ. ಗೋಡೆ, ಗಡ್ಡೆ, ಸುತ್ತಲಿನ ಲಿವರ್ ನೋಡಲು ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣಿಸುವ, ರಕ್ತನಾಳಕ್ಕೆ ಕೊಡುವ ಔಷಧ) ಹಾಕಿದ ಎಂಆರ್‌ಐ ಬೇಕು. ಚೀಟಿಯಲ್ಲಿ "ಎಂಆರ್‌ಐ ಅಬ್ಡಾಮಿನ್ ಕಾಂಟ್ರಾಸ್ಟ್ ಸಹಿತ, ಜೊತೆಗೆ ಎಂಆರ್‌ಸಿಪಿ" ಅಂತ ಒಟ್ಟಿಗೇ ಬರೆಸಿಕೊಳ್ಳಿ. ಬರೀ ಎಂಆರ್‌ಸಿಪಿ ಮಾಡಿಸಿ, ಆಮೇಲೆ ಕಾಂಟ್ರಾಸ್ಟಿಗೆ ಮತ್ತೆ ಮಲಗಿಸುವುದು ದಂಡ.

ಸಿಟಿಯ ಕೆಲಸ ರಕ್ತನಾಳ. ಹೈಲಂನಲ್ಲಿ ಪಿತ್ತನಾಳದ ಪಕ್ಕದಲ್ಲೇ ಪೋರ್ಟಲ್ ವೇನ್, ಹೆಪಾಟಿಕ್ ಆರ್ಟರಿ ಹಾದು ಹೋಗುತ್ತವೆ. ಗಡ್ಡೆ ಅವನ್ನು ಸುತ್ತಿಕೊಂಡಿದೆಯಾ ಅಂತ ಸಿಟಿಯಲ್ಲಿ ಚೆನ್ನಾಗಿ ಕಾಣುತ್ತದೆ. ಮತ್ತೆ ಈ ಜಾಗದ ಆಪರೇಷನ್‌ನಲ್ಲಿ ಬಹಳ ಸಲ ಅರ್ಧದಷ್ಟು ಲಿವರ್ ತೆಗೆಯಬೇಕಾಗುತ್ತದೆ. ಉಳಿಯುವ ಲಿವರ್ ಎಷ್ಟು ಅಂತ ಸಿಟಿಯಿಂದಲೇ ಅಳೆಯುತ್ತೇವೆ. ಲಿವರ್ ಚೆನ್ನಾಗಿದ್ದವರಿಗೆ ಶೇ. 25-30 ಉಳಿದರೂ ನಡೆಯುತ್ತದೆ. ಕಾಮಣಿಯಿಂದ ಸೊರಗಿದ ಲಿವರ್ ಆದರೆ ಶೇ. 40ರ ಹತ್ತಿರ ಬೇಕು ಅಂತಾರೆ.

ಇನ್ನೊಂದು ಸಣ್ಣ ಮಾತು. ಪಿತ್ತನಾಳದ ಗಡ್ಡೆಯಲ್ಲಿ ನಾರಿನಂಥ ಗಟ್ಟಿ ಅಂಶ ಜಾಸ್ತಿ. ಕಾಂಟ್ರಾಸ್ಟ್ ಔಷಧ ಅದರೊಳಗೆ ನಿಧಾನ ಹೋಗುತ್ತದೆ, ನಿಧಾನ ಬಿಡುತ್ತದೆ. ಔಷಧ ಕೊಟ್ಟ ತಕ್ಷಣ ತೆಗೆದ ಚಿತ್ರದಲ್ಲಿ ಏನೂ ಇಲ್ಲ ಅನಿಸಿ, ಕೆಲವು ನಿಮಿಷ ಬಿಟ್ಟು ತೆಗೆದದ್ದರಲ್ಲಿ ಗಡ್ಡೆ ಬೆಳಗುತ್ತದೆ. ಅದಕ್ಕೆ ಆರ್ಟೀರಿಯಲ್, ಪೋರ್ಟಲ್ ಜೊತೆಗೆ ಡಿಲೇಡ್ ಫೇಸೂ ಇರಬೇಕು. ಅವಸರದ ಸೆಂಟರಿನಲ್ಲಿ ಇದನ್ನೇ ಬಿಟ್ಟುಬಿಡುತ್ತಾರೆ. ಕೌಂಟರಿನಲ್ಲಿ ಅಲ್ಲ, ಒಳಗೆ ಟೆಕ್ನಿಷಿಯನ್‌ಗೇ "ಡಿಲೇಡ್ ತೆಗೀತೀರಾ?" ಅಂತ ಕೇಳಿ.

ಸಿಟಿಗೆ ಮೊದಲು ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಇರಲಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ.

ಬಿದರಿ ಹೂಜಿ

ಸೀದಾ ಸ್ಟೆಂಟ್ ಹಾಕಿಸಿಕೊಂಡವರ ಮನೆಯವಳು ನಾನು. ಬೀದರಿನಿಂದ ಹೈದರಾಬಾದ್ ಹತ್ತಿರ, ಗಾಡಿ ಮಾಡಿಕೊಂಡು ಹೋಗಿದ್ದೆವು. ಆಸ್ಪತ್ರೆಯ ಹೆಸರು ಬೇಡ. ನಮ್ಮ ಮನೆಯವರಿಗೂ ಹೀಗೇ ಕಾಮಣಿ. ಅವತ್ತೇ ಇಆರ್‌ಸಿಪಿ ಮಾಡಿ ಪ್ಲಾಸ್ಟಿಕ್ ಸ್ಟೆಂಟ್ ಹಾಕಿದರು. ಕಾಮಣಿ ಪೂರ್ತಿ ಇಳಿಯಲಿಲ್ಲ, ಒಂದು ವಾರದೊಳಗೆ ಚಳಿ ಜ್ವರ. ಆಮೇಲೆ ಬೇರೆ ಕಡೆ ತೋರಿಸಿದಾಗ ದೊಡ್ಡ ಸರ್ಜನ್ ಕೇಳಿದ್ದು ಒಂದೇ ಮಾತು, "ಸ್ಟೆಂಟ್ ಹಾಕುವ ಮೊದಲಿನ ಎಂಆರ್‌ಸಿಪಿ ಎಲ್ಲಿ?" ಇರಲೇ ಇಲ್ಲ. ಊತ ಇಳಿಯಲಿ ಅಂತ ಕಾಯಬೇಕಾಯಿತು.

ಮಾಮಾನ ಮೇಲೆ ಸಿಟ್ಟು ಮಾಡಬೇಡಪ್ಪ. ಬೇಗ ಆಗಲಿ ಅಂತಲೇ ಎಲ್ಲರೂ ಓಡಾಡುತ್ತಾರೆ.

ಪಿಜಿ ಸೀಟು ಕಾಯುವವ

ಬಿದರಿ ಹೂಜಿ ಅಕ್ಕಾ, ಜ್ವರ ಬಂದದ್ದಕ್ಕೆ ಒಂದು ಕಾರಣ ಇರಬಹುದು. ಇಆರ್‌ಸಿಪಿಯಲ್ಲಿ ಬಾಯಿಂದ ದುರ್ಬೀನು ಇಳಿಸಿ, ಕೆಳಗಿನಿಂದ ನಾಳಕ್ಕೆ ಔಷಧ ಹಾಯಿಸುತ್ತಾರೆ. ಅಡ್ಡಿ ಹೈಲಂನಲ್ಲಿದ್ದು ಬಲ ಎಡ ಬೇರೆ ಬೇರೆ ಆಗಿದ್ದರೆ, ಔಷಧ ಹೋದ ಕವಲು ಎಲ್ಲಕ್ಕೂ ಸ್ಟೆಂಟ್ ಸಿಗುವುದಿಲ್ಲ. ಬಿಡಿಸದೆ ಉಳಿದ ಕವಲಿನಲ್ಲಿ ಸೋಂಕು ಹಿಡಿಯುತ್ತದೆ. ಮೊದಲೇ ಎಂಆರ್‌ಸಿಪಿ ಇದ್ದರೆ ಯಾವ ಕವಲು ಬಿಡಿಸಬೇಕು ಅಂತ ಗುರಿ ಇಟ್ಟು ಹೋಗಬಹುದು.

ನಾವು ಓದಿದ್ದು ಹೀಗೆ. ಈ ಜಾಗದ ಗಡ್ಡೆಗೆ ಕ್ಲಾಟ್‌ಸ್ಕಿನ್ ಟ್ಯೂಮರ್ ಅಂತ ಹೆಸರು. 1965ರಲ್ಲಿ ಜೆರಾಲ್ಡ್ ಕ್ಲಾಟ್‌ಸ್ಕಿನ್ 13 ರೋಗಿಗಳ ವಿವರ ಬರೆದರು. ಎಲ್ಲಿಯವರೆಗೆ ಹಬ್ಬಿದೆ ಅನ್ನುವುದರ ಮೇಲೆ ಬಿಸ್ಮತ್ ಟೈಪ್ 1ರಿಂದ 4 ಅಂತ ಭಾಗ ಮಾಡುತ್ತಾರೆ. ಕೂಡುವ ಜಾಗಕ್ಕಿಂತ ಕೆಳಗೆ ಇದ್ದರೆ 1, ಕೂಡುವಲ್ಲೇ ಇದ್ದರೆ 2, ಬಲಗಡೆ ಒಳಕ್ಕೆ ಹೋಗಿದ್ದರೆ 3ಎ, ಎಡಕ್ಕೆ ಹೋಗಿದ್ದರೆ 3ಬಿ, ಎರಡೂ ಕಡೆ ಆದರೆ 4. ಪಿತ್ತನಾಳದ ಕ್ಯಾನ್ಸರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಹೈಲಂನವು.

ಕತ್ತಲೆ ಕೋಣೆ

ಸರಿ ಹೇಳಿದೆ. ಪರೀಕ್ಷೆಯಲ್ಲೂ ಹೀಗೇ ಬರಿ, ಸೀಟು ಸಿಗುತ್ತದೆ. ಆದರೆ ಶಹಾಪುರದವರೇ, ಗಾಬರಿ ಆಗಬೇಡಿ. ಇದು ಗಡ್ಡೆಯೇ ಅಂತ ಇನ್ನೂ ಯಾರೂ ಹೇಳಿಲ್ಲ.

ತೊಗರಿ ಕಣಜ

ಅದನ್ನೇ ಬರೆಯೋಣ ಅಂತಿದ್ದೆ. ಚಿಂಚೋಳಿ ಕಡೆಯವನು ನಾನು. ನಮ್ಮ ದೊಡ್ಡಪ್ಪನಿಗೆ ಎಂಆರ್‌ಐ ನೋಡಿ ಕ್ಯಾನ್ಸರ್ ಅಂತಲೇ ಅಂದರು. ಮನೆಯಲ್ಲಿ ಅಳು ಶುರುವಾಗಿತ್ತು. ಒಬ್ಬ ಗ್ಯಾಸ್ಟ್ರೋ ಡಾಕ್ಟರಿಗೆ ಸಂಶಯ ಬಂದು ರಕ್ತದಲ್ಲಿ ಐಜಿಜಿ4 ಅನ್ನುವ ಪರೀಕ್ಷೆ ಬರೆದರು. ಅದು ಬಹಳ ಮೇಲಿತ್ತು. ಪ್ಯಾಂಕ್ರಿಯಾಸ್ ಕೂಡ ಊದಿಕೊಂಡಿತ್ತು. ಸ್ಟಿರಾಯ್ಡ್ ಮಾತ್ರೆ ಶುರು ಮಾಡಿದರು, ಮತ್ತೆ ಎಂಆರ್‌ಸಿಪಿ ಮಾಡಿದಾಗ ನಾಳ ಬಿಚ್ಚಿಕೊಂಡಿತ್ತು. ಈಗ ಹೊಲಕ್ಕೆ ಹೋಗುತ್ತಾರೆ, ಜಗಳವನ್ನೂ ಆಡುತ್ತಾರೆ.

ಕತ್ತಲೆ ಕೋಣೆ

ನಿಮ್ಮ ದೊಡ್ಡಪ್ಪನಂಥವರು ಕಡಿಮೆ, ಆದರೆ ಇದ್ದಾರೆ. ಐಜಿಜಿ4 ಕಾಯಿಲೆ, ಅಂದರೆ ಮೈಯ ರೋಗನಿರೋಧಕ ಶಕ್ತಿಯಿಂದಲೇ ಬರುವ ಊತ, ಚಿತ್ರದಲ್ಲಿ ಕ್ಯಾನ್ಸರ್ ಹಾಗೇ ನಟಿಸುತ್ತದೆ. ಪಿತ್ತಕೋಶದ ಕುತ್ತಿಗೆಯಲ್ಲಿ ಸಿಕ್ಕಿದ ಕಲ್ಲು ಪಕ್ಕದ ನಾಳವನ್ನು ಒತ್ತಿದರೂ ಹೀಗೇ ಆಗುತ್ತದೆ. ಪಿತ್ತಕೋಶದ ಕ್ಯಾನ್ಸರೇ ಹೈಲಂಗೆ ಹಬ್ಬಿರಬಹುದು. ನಮ್ಮ ದೇಶದಲ್ಲಿ ಟಿಬಿ ಗಂಟು ಒತ್ತುವುದೂ ಉಂಟು. ಕ್ಯಾನ್ಸರ್ ಅಂತ ಆಪರೇಷನ್ ಮಾಡಿ ತೆಗೆದ ಹೈಲಂ ಗಂಟುಗಳಲ್ಲೂ ಕೆಲವು ಲ್ಯಾಬಿನಲ್ಲಿ ಕ್ಯಾನ್ಸರ್ ಅಲ್ಲ ಅಂತ ಬಂದಿವೆ. ನಾವು ಎಷ್ಟೇ ಚಿತ್ರ ನೋಡಿದರೂ "ಶಂಕೆ" ಅಂತಲೇ ಬರೆಯುವುದು ಹೆದರಿಕೆಗಲ್ಲ. ಚಿತ್ರಕ್ಕೆ ಗೊತ್ತಾಗುವುದು ಅಷ್ಟೇ.

ಹಳೇ ಕಾಂಪೌಂಡರ್

ಕ್ಯಾನ್ಸರ್ ಸುಳಿವಿಗೆ ಸಿಎ 19-9 ಅಂತ ರಕ್ತ ಪರೀಕ್ಷೆ ಇದೆಯಲ್ಲ ಸರ್? ಅದರಲ್ಲಿ ಗೊತ್ತಾಗುವುದಿಲ್ಲವಾ?

ಕತ್ತಲೆ ಕೋಣೆ

ಮಾಡಿಸಲಿ, ಆದರೆ ಅದನ್ನು ನೋಡಿ ನಿದ್ದೆ ಕೆಡಿಸಿಕೊಳ್ಳಬಾರದು. 37ರೊಳಗೆ ಇರಬೇಕು ಅಂತ ಲ್ಯಾಬಿನ ಕಾಗದದಲ್ಲಿ ಇರುತ್ತದೆ. ನಾಳ ಕಟ್ಟಿ ಕಾಮಣಿ ಆದರೆ, ಕಲ್ಲಿನಿಂದ ಆದರೂ ಅದು ನೂರಾರು ಆಗುತ್ತದೆ. ಇನ್ನು ಕೆಲವರ ಮೈಯಲ್ಲಿ ಅದು ಹುಟ್ಟುವುದೇ ಇಲ್ಲ, ಅಂಥವರಿಗೆ ಗಡ್ಡೆ ಇದ್ದರೂ ನಾರ್ಮಲ್. ಕಾಮಣಿ ಇಳಿದ ಮೇಲಿನ ಸಂಖ್ಯೆಗೆ ಬೆಲೆ ಜಾಸ್ತಿ.

ಭೀಮಾತೀರ

ಹಾಗಾದರೆ ಒಂದು ತುಣುಕು ತೆಗೆದು ನೋಡಿದರೆ ಆಯಿತಲ್ಲ? ಹೊರಗಿನಿಂದ ಸೂಜಿ ಹಾಕಿ ತೆಗೀತಾರಲ್ಲ. ಇಷ್ಟೆಲ್ಲ ಯಾಕೆ?

ಪಿಜಿ ಸೀಟು ಕಾಯುವವ

ಕಾಕಾ, ಆಪರೇಷನ್ ಆಗಬಹುದಾದ ಹೈಲಂ ಗಡ್ಡೆಗೆ ಹೊಟ್ಟೆ ಮೇಲಿಂದ ಸೂಜಿ ಚುಚ್ಚಲು ಸರ್ಜನ್‌ಗಳು ಒಪ್ಪುವುದಿಲ್ಲ. ಸೂಜಿ ಬಂದ ದಾರಿಯಲ್ಲೇ ಕಣಗಳು ಉದುರಿ ಹರಡುವ ಭಯ. ಇಆರ್‌ಸಿಪಿ ಮಾಡುವಾಗ ಬ್ರಷ್‌ನಿಂದ ಉಜ್ಜಿ ಕಣ ತೆಗೆಯುತ್ತಾರೆ. ಆದರೆ ಗಟ್ಟಿ ಗಡ್ಡೆಯಿಂದ ಕಣ ಸುಲಭವಾಗಿ ಉದುರುವುದಿಲ್ಲ, ಕ್ಯಾನ್ಸರ್ ಇದ್ದವರಲ್ಲೂ ಅರ್ಧದಷ್ಟು ಜನಕ್ಕೆ "ಇಲ್ಲ" ಅಂತ ಬರುತ್ತದೆ. ಈಗ ನಾಳದೊಳಗೇ ಸಣ್ಣ ಕ್ಯಾಮೆರಾ ಕಳಿಸಿ, ಕಣ್ಣಿಂದ ನೋಡಿ ತುಣುಕು ತೆಗೆಯುವ ಸೌಲಭ್ಯ ದೊಡ್ಡ ಊರುಗಳಲ್ಲಿದೆ. ಚಿತ್ರ ಸ್ಪಷ್ಟ ಇದ್ದು ಗಡ್ಡೆ ತೆಗೆಯಲು ಬರುವಂತಿದ್ದರೆ, ತುಣುಕು ಇಲ್ಲದೆಯೇ ಆಪರೇಷನ್‌ಗೆ ಹೋಗುವುದೂ ಇದೆ.

ಭೀಮಾತೀರ

ಸರಿ ಬಿಡಪ್ಪ, ಡಾಕ್ಟರ ಮಾತು ಕೇಳಲಿ. ಇನ್ನೊಂದು. ಮೀನು ತಿಂದರೆ ಪಿತ್ತನಾಳಕ್ಕೆ ಹುಳ ಬಿದ್ದು ಇದು ಬರುತ್ತದೆ ಅಂತ ಮೊಬೈಲಿನಲ್ಲಿ ಬಂದಿತ್ತು. ನಾವು ಭೀಮಾ ನದಿ ಮೀನು ತಿನ್ನುವವರು.

ಪಿಜಿ ಸೀಟು ಕಾಯುವವ

ಅದು ಥಾಯ್ಲೆಂಡಿನ ಈಶಾನ್ಯ ಭಾಗದ ಸುದ್ದಿ ಕಾಕಾ. ಅಲ್ಲಿ ಹಸಿ ಮೀನು ತಿನ್ನುವ ರೂಢಿಯಿಂದ ಲಿವರ್ ಹುಳ ಸೇರಿ, ಪಿತ್ತನಾಳದ ಕ್ಯಾನ್ಸರ್ ಬಹಳ. ನೀವು ಖಾರ ಹಚ್ಚಿ ಹುರಿದು ತಿನ್ನುತ್ತೀರಿ. ಆರಾಮಾಗಿ ತಿನ್ನಿ.

ರಿಂಗ್ ರೋಡ್ ಟೆಕ್ನಿಷಿಯನ್

ನಾನು ಎಂಆರ್‌ಐ ಮಷೀನ್ ನಡೆಸುವವನು. ಡಾಕ್ಟರುಗಳು ಹೇಳದ ಕೆಲವು ಸಂಗತಿ ಹೇಳಿಬಿಡುತ್ತೇನೆ.

ಐದಾರು ತಾಸು ಬರಿಹೊಟ್ಟೆ ಇರಬೇಕು. ಚಹಾನೂ ಬೇಡ. ಕೆಲವು ಸೆಂಟರಿನಲ್ಲಿ ಮಲಗಿಸುವ ಮೊದಲು ಅನಾನಸ್ ರಸ ಕುಡಿಸುತ್ತಾರೆ. ಉಪಚಾರ ಅಂತ ತಿಳಿಯಬೇಡಿ. ಅದರಲ್ಲಿ ಮ್ಯಾಂಗನೀಸ್ ಇದೆ, ಹೊಟ್ಟೆಯೊಳಗಿನ ನೀರಿನ ಹೊಳಪನ್ನು ಅಡಗಿಸುತ್ತದೆ. ಇಲ್ಲದಿದ್ದರೆ ಹೊಟ್ಟೆಯ ನೀರು ಬೆಳ್ಳಗೆ ಹೊಳೆದು ಹಿಂದಿನ ಪಿತ್ತನಾಳ ಮುಚ್ಚಿಹೋಗುತ್ತದೆ.

ಲೋಹದ್ದೆಲ್ಲ ತೆಗೆಯಬೇಕು. ಉಡದಾರ, ತಾಯತ, ಉಂಗುರ. ನಮ್ಮ ಕಡೆ ಹಿರಿಯರು ಇಷ್ಟಲಿಂಗದ ಬೆಳ್ಳಿ ಕರಡಿಗೆ ತೆಗೆಯಲು ಒಪ್ಪುವುದೇ ಇಲ್ಲ. ಬಾಗಿಲಲ್ಲಿ ಅರ್ಧ ತಾಸು ವಾದ ಆಗುತ್ತದೆ, ಹಿಂದೆ ಪಾಳಿಯಲ್ಲಿದ್ದವರು ಬೈಯುತ್ತಾರೆ. ಮನೆಯಲ್ಲೇ ಮಾತಾಡಿ ಒಪ್ಪಿಸಿ ಕರೆತನ್ನಿ. ಹಿರಿಮಗ ಒಂದು ಮಡಿ ವಸ್ತ್ರದಲ್ಲಿ ಇಟ್ಟುಕೊಂಡು ಹೊರಗೆ ಕೂತರೆ ಅವರಿಗೆ ಸಮಾಧಾನ. ಹೃದಯಕ್ಕೆ ಪೇಸ್‌ಮೇಕರ್ ಇದ್ದರೆ ಬಾಗಿಲಿಗೆ ಬರುವ ಮೊದಲೇ ಹೇಳಿ.

ಎಲ್ಲಕ್ಕಿಂತ ದೊಡ್ಡದು ಉಸಿರು. ಉಸಿರು ಆಡಿದರೆ ಲಿವರ್ ಮೇಲೆ ಕೆಳಗೆ ಓಡುತ್ತದೆ, ಚಿತ್ರ ಮಸುಕು. ಹೈದರಾಬಾದಿನಲ್ಲಿ ಹಿಂದಿಯಲ್ಲೋ ತೆಲುಗಿನಲ್ಲೋ ಹೇಳುತ್ತಾರೆ, ಸೊಲ್ಲಾಪುರದಲ್ಲಿ ಮರಾಠಿ. ಕಿವಿಗೆ ಹತ್ತಿ ಇಟ್ಟು, ಮಷೀನು ಧಡಧಡ ಅನ್ನುವಾಗ ಹಳ್ಳಿಯ ಹಿರಿಯರಿಗೆ ಅದು ತಿಳಿಯುವುದಿಲ್ಲ. ಮೊನ್ನೆ ಅಲ್ಲಿ ಮಾಡಿಸಿಕೊಂಡು ಬಂದವರೊಬ್ಬರ ಚಿತ್ರ ಪೂರ್ತಿ ಅಲುಗಾಡಿತ್ತು, ನಾವು ಮತ್ತೆ ಮಾಡಿದೆವು. "ಯಜಮಾನ್ರ, ಉಸಿರ ತಗೋರಿ, ಬಿಡ್ರಿ, ಈಗ ಹಿಡೀರಿ" ಅಂದರೆ ಎಷ್ಟು ಚೆನ್ನಾಗಿ ಹಿಡಿದರು ಗೊತ್ತಾ! ಈಗಿನಿಂದಲೇ ಅಪ್ಪನಿಗೆ ಮನೆಯಲ್ಲಿ 15-20 ಸೆಕೆಂಡು ಉಸಿರು ಹಿಡಿಯುವ ಅಭ್ಯಾಸ ಮಾಡಿಸಿ. ತುರಿಕೆ ಇರುವವರು ಒಳಗೆ ಕೆರೆದುಕೊಳ್ಳುತ್ತಾರೆ, ಅದಕ್ಕೂ ಡಾಕ್ಟರನ್ನು ಕೇಳಿ ಒಂದು ಮಾತ್ರೆ ಇಟ್ಟುಕೊಳ್ಳಿ.

ಕತ್ತಲೆ ಕೋಣೆ

ಇದಕ್ಕೆ ಒಂದು ಸೇರಿಸುತ್ತೇನೆ. ಫಿಲ್ಮ್ ಜೊತೆ ಸಿಡಿ ಕೇಳಿ ತಗೊಳ್ಳಿ, ಇಲ್ಲವೇ ಪೆನ್‌ಡ್ರೈವ್. ಫಿಲ್ಮಿನಲ್ಲಿ ನಾವು ಆರಿಸಿ ಹಾಕಿದ ಕೆಲವೇ ಚಿತ್ರ ಇರುತ್ತವೆ. ಪಿತ್ತನಾಳ ಪೂರ್ತಿ ಒಂದೇ ಚಿತ್ರದಲ್ಲಿ ಕಾಣುವ ಚೆಂದದ ಫೋಟೋ ಇರುತ್ತದಲ್ಲ, ಅದು ಎಷ್ಟೋ ಪದರ ಸೇರಿಸಿ ಮಾಡಿದ್ದು. ಸಣ್ಣ ಕಲ್ಲು, ಗೋಡೆಯ ಸಣ್ಣ ಗಂಟು ಅದರಲ್ಲಿ ಮುಳುಗಿಹೋಗುತ್ತವೆ. ಸರ್ಜನ್ ನೋಡಬೇಕಾದ್ದು ಒಂದೊಂದು ಪದರ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಮಾಡುತ್ತಾರೆ, ಅದರಲ್ಲಿ ಕಿಟಕಿ ಸರಳು ಬಿಟ್ಟರೆ ಏನೂ ಕಾಣುವುದಿಲ್ಲ.

ಪೆಟ್ ಸಿಟಿ ಈಗಲೇ ಬೇಡ. ದೂರ ಹರಡಿದೆಯಾ ಅಂತ ಸರ್ಜನ್‌ಗೆ ಸಂಶಯ ಬಂದರೆ ಅವರೇ ಬರೆಯುತ್ತಾರೆ. ಸೋಂಕಿನ ಊತವೂ ಅದರಲ್ಲಿ ಬೆಳಗುತ್ತದೆ, ಸ್ಟೆಂಟ್ ಇದ್ದವರಿಗೆ ಇನ್ನೂ ಗೊಂದಲ.

ಹಳೇ ಕಾಂಪೌಂಡರ್

ದುಡ್ಡಿನ ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ. ಹೈದರಾಬಾದಿಗೆ ಹೋಗುವುದಿದ್ದರೆ ಅಲ್ಲಿ ಕಾರ್ಡ್ ನಡೆಯುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಕಲಬುರಗಿಯಲ್ಲೇ ಸರ್ಕಾರಿ ಆಸ್ಪತ್ರೆ ಜಿಮ್ಸ್ ಇದೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆಯೂ ಇದೆ. ಮೊದಲು ಅಲ್ಲಿ ತೋರಿಸಿ ಚಿತ್ರ ಮಾಡಿಸಿಕೊಂಡು, ಆಮೇಲೆ ಎಲ್ಲಿಗೆ ಬೇಕಾದರೂ ಹೋಗಿ.

ಶಹಾಪುರದ ಹುಡುಗ

ಎಲ್ಲರಿಗೂ ಶರಣು. ಕಲಬುರಗಿಯಲ್ಲಿ ಎರಡೂ ಆಯಿತು. ಅಪ್ಪ ಉಸಿರು ಚೆನ್ನಾಗಿ ಹಿಡಿದರಂತೆ. ಕರಡಿಗೆ ನನ್ನ ಕೈಯಲ್ಲಿತ್ತು. ರಿಪೋರ್ಟ್: ಹೈಲಂನಲ್ಲಿ ನಾಳದ ಗೋಡೆ ದಪ್ಪ ಆಗಿದೆ, ಡಿಲೇಡ್ ಫೇಸಿನಲ್ಲಿ ಬೆಳಗುತ್ತದೆ, ಬಿಸ್ಮತ್ 3ಬಿ ಶಂಕೆ, ಬಲಗಡೆಯ ಆರ್ಟರಿ, ಪೋರ್ಟಲ್ ವೇನ್‌ಗೆ ತಾಗಿಲ್ಲ. ಐಜಿಜಿ4 ನಾರ್ಮಲ್. ಸೋಮವಾರ ಹೈದರಾಬಾದಿನಲ್ಲಿ ಲಿವರ್ ಸರ್ಜನ್ ಹತ್ತಿರ ಪಾಳಿ ಇದೆ, ಸಿಡಿ ತಗೊಂಡು ಹೋಗುತ್ತೇವೆ. ಬಿಲಿರುಬಿನ್ 16 ಆಗಿದೆ. ಸ್ಟೆಂಟ್ ಬೇಡ ಅಂತಲೇ ಹೇಳಬೇಕಾ?

ಕತ್ತಲೆ ಕೋಣೆ

ಇಲ್ಲ, ಹಾಗೆ ಹೇಳಬೇಡಿ. ನಿಮ್ಮ ಹತ್ತಿರ ಈಗ ನಕ್ಷೆ ಇದೆ, ಇನ್ನು ಪಿತ್ತ ಇಳಿಸುವುದನ್ನು ತಡೆಯುವುದು ಬೇಡ. 3ಬಿ ಅಂದರೆ ಬಹುಶಃ ಎಡಗಡೆ ತೆಗೆದು ಬಲಗಡೆ ಉಳಿಸುತ್ತಾರೆ. ಉಳಿಯುವ ಕಡೆಯ ಪಿತ್ತ ಬಿಡಿಸಬೇಕಾ, ಕೆಳಗಿನಿಂದ ಸ್ಟೆಂಟ್ ಹಾಕುವುದಾ, ಪಕ್ಕೆಯಿಂದ ಸೂಜಿ ಹಾಕಿ ಪಿಟಿಬಿಡಿ ನಳಿಗೆ ಇಡುವುದಾ ಅಂತ ಸರ್ಜನ್, ಗ್ಯಾಸ್ಟ್ರೋ, ರೇಡಿಯಾಲಜಿಸ್ಟ್ ಮೂವರೂ ಚಿತ್ರ ನೋಡಿ ಕೂತು ತೀರ್ಮಾನಿಸಬೇಕು. ಮೂವರೂ ನೋಡಿದ್ದಾರಾ ಅಂತ ನೀವು ಬಾಯಿಬಿಟ್ಟು ಕೇಳಿ. ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಪಿಟಿ ಐಎನ್‌ಆರ್ ಪರೀಕ್ಷೆ ಈಗಲೇ ಮಾಡಿಸಿ. ಪಿತ್ತ ಕರುಳಿಗೆ ಹೋಗದಿದ್ದರೆ ವಿಟಮಿನ್ ಕೆ ಮೈಗೆ ಹತ್ತುವುದಿಲ್ಲ, ರಕ್ತ ಹೆಪ್ಪುಗಟ್ಟುವುದು ತಡ ಆಗುತ್ತದೆ. ಏರುಪೇರು ಇದ್ದರೆ ಸೋಮವಾರದೊಳಗೆ ಇಲ್ಲೇ ವಿಟಮಿನ್ ಕೆ ಇಂಜೆಕ್ಷನ್ ಕೊಡಿಸಬಹುದು. ನಿಮ್ಮ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ.

ಬಿದರಿ ಹೂಜಿ

ಮತ್ತೆ ಆಸ್ಪತ್ರೆ ಹತ್ತಿರ ಲಾಡ್ಜ್ ಈಗಲೇ ನೋಡಿಕೊಳ್ಳಿ. ಜ್ವರ ಬಂದರೆ ಓಡುವಂತಿರಬೇಕು. ಅವ್ವನಿಗೆ ಒಂದೆರಡು ದಿನದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಲು ಹೇಳು, ಅಲ್ಲಿಯ ಅನ್ನ ಅಪ್ಪನಿಗೆ ಹಿಡಿಸದಿದ್ದರೆ ಇರಲಿ.